ಸಂಕಲ್ಪಕ್ಕೆ ಹೊತ್ತು, ಜಾಗ, ಕೆಲಸ ಮೂರೂ ಬೇಕು

ಮಾನ್ಯರೆ,

ಬೆಂಗಳೂರಿನಲ್ಲಿ ಫ್ಲೈಓವರ್ ಕಂಬಗಳಿಂದ ಹಿಡಿದು ಭಾನುವಾರದ ಪುರವಣಿಯ ಕೊನೆ ಪುಟದವರೆಗೆ ಈಗ ಒಂದೇ ಬಗೆಯ ಜಾಹೀರಾತು. ಮನಸ್ಸಿನ ಶಕ್ತಿಯಿಂದ ಸಂಪತ್ತನ್ನು ಸೆಳೆದುಕೊಳ್ಳಿ, ಬೇಕಾದ ಕೆಲಸ, ಬೇಕಾದ ಮನೆ, ಬೇಕಾದ ಸಂಬಳ ಇಪ್ಪತ್ತೊಂದೇ ದಿನದಲ್ಲಿ! 99 ರೂಪಾಯಿಗೆ ಆನ್‌ಲೈನ್ ತರಗತಿ, ಅದು ಮುಗಿಯುವ ಹೊತ್ತಿಗೆ ಹೋಟೆಲಿನ ಸಭಾಂಗಣದಲ್ಲಿ ಎರಡು ದಿನದ ಶಿಬಿರಕ್ಕೆ ಕರೆ, ಶಿಬಿರ ಮುಗಿಯುವ ಹೊತ್ತಿಗೆ ‘ಮುಂದಿನ ಹಂತ’ಕ್ಕೆ ಕ್ರೆಡಿಟ್ ಕಾರ್ಡಿನಲ್ಲಿ ಇಎಂಐ ಸೌಲಭ್ಯ. ಶ್ರೀಮಂತರಾಗುವುದನ್ನು ಕಲಿಯಲು ಸಾಲ ಮಾಡಿಸುವ ಈ ವ್ಯವಸ್ಥೆಯ ಬಗ್ಗೆ ಯೋಗ, ಧ್ಯಾನ ಕಲಿಸುವವರೇ ಬಾಯಿ ಬಿಡದಿದ್ದರೆ ಹೇಗೆ ಎಂದು ಈ ಪತ್ರ. ಒಳಗಿನ ಸಾಧನೆಗೂ ಹೊರಗಿನ ಏಳಿಗೆಗೂ ನಂಟು ಇದೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಆ ನಂಟು ಜಾಹೀರಾತು ತೋರಿಸುವ ಜಾಗದಲ್ಲಿಲ್ಲ.

ಹಣ ಬೇಕು ಅನ್ನುವುದು ಕೀಳು ಆಸೆ ಎಂದು ನಾವು ಹೇಳುತ್ತಿಲ್ಲ. ನಾಲ್ಕು ಪುರುಷಾರ್ಥಗಳಲ್ಲಿ ಅರ್ಥವೂ ಒಂದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಲೆಕ್ಕ ಗೊತ್ತಿದ್ದವರೇ ಕಾಯಕದ ಮಾತನ್ನೂ ದಾಸೋಹದ ಮಾತನ್ನೂ ಆಡಿದ್ದು. ದುಡಿಮೆಯನ್ನೂ ಹಂಚಿಕೆಯನ್ನೂ ಸಾಧನೆಯೆಂದೇ ಕಂಡ ನಾಡಿನಲ್ಲಿ ‘ನೀನು ಏನೂ ಮಾಡಬೇಕಿಲ್ಲ, ಕಂಪನವನ್ನು ಹೊಂದಿಸಿಕೊಂಡರೆ ಸಾಕು’ ಎಂಬ ಮಾತು ಇಷ್ಟು ಸುಲಭವಾಗಿ ಬಿಕರಿಯಾಗುತ್ತಿರುವುದು ವಿಚಿತ್ರ.

ಮನೆಯಲ್ಲಿ ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ಕಿವಿಗೊಟ್ಟು ಕೇಳಿದವರು ಕಡಿಮೆ. ಬಲಗೈಯಲ್ಲಿ ಅಕ್ಷತೆ ಹಿಡಿಸಿ ಮೊದಲು ಕಾಲ ಹೇಳಿಸುತ್ತಾರೆ: ಕಲಿಯುಗದಿಂದ ಶುರುವಾಗಿ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರದವರೆಗೆ. ಜಾಗ ಹೇಳಿಸುತ್ತಾರೆ: ಜಂಬೂದ್ವೀಪ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ. ಯಾರು ಮಾಡುತ್ತಿದ್ದಾರೆ: ಗೋತ್ರ, ಹೆಸರು, ಮನೆಮಂದಿ. ಆಮೇಲೆ ಏನು ಬೇಕು: ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ, ಐಶ್ವರ್ಯ. ಕೊನೆಗೆ, ಅದಕ್ಕಾಗಿ ಈಗ ಇಂಥ ಪೂಜೆಯನ್ನು ಮಾಡುತ್ತೇನೆ ಎಂದು ಹೇಳಿಸಿ, ಅಕ್ಷತೆಯ ಮೇಲೆ ಉದ್ಧರಣೆ ನೀರು ಬಿಟ್ಟು ತಟ್ಟೆಗೆ ಹಾಕಿಸುತ್ತಾರೆ. ಐಶ್ವರ್ಯ ಬೇಕು ಅನ್ನುವುದು ಇದರಲ್ಲಿ ಒಂದು ತುಣುಕು ಮಾತ್ರ. ಎಲ್ಲಿ, ಯಾವಾಗ, ಯಾರು, ಏನು ಮಾಡುತ್ತಾರೆ ಎಂಬುದೇ ಉಳಿದದ್ದೆಲ್ಲ. ಶಿಬಿರಗಳು ಈ ಪ್ರಮಾಣವನ್ನು ತಲೆಕೆಳಗು ಮಾಡಿವೆ. ಅಲ್ಲಿ ಬೇಕು ಎಂಬುದೇ ಮುಕ್ಕಾಲು ಪಾಲು, ಮಾಡುವ ಕೆಲಸದ ಸುದ್ದಿಯೇ ಇಲ್ಲ.

ಇದು ಸಂಪ್ರದಾಯದ ಪರ ವಕಾಲತ್ತು ಎಂದುಕೊಳ್ಳುವವರಿಗೆ ಪ್ರಯೋಗಗಳ ಮಾತನ್ನೂ ಹೇಳುತ್ತೇವೆ. ಜರ್ಮನಿಯ ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ 2002ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಕೆಲಸ ಸಿಕ್ಕಂತೆ ಹೆಚ್ಚು ಹೆಚ್ಚು ಕಲ್ಪಿಸಿಕೊಂಡ ಪದವೀಧರರು ಎರಡು ವರ್ಷದ ನಂತರ ನೋಡಿದರೆ ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ಕಡಿಮೆ ಅವಕಾಶ ಬಂದಿತ್ತು, ಸಂಬಳವೂ ಕಡಿಮೆಯಿತ್ತು. ತಮ್ಮ ಹಿಂದಿನ ಸಾಧನೆಯ ಆಧಾರದ ಮೇಲೆ ‘ನನ್ನಿಂದ ಆಗುತ್ತದೆ’ ಎಂದು ನಂಬಿದವರ ಫಲ ಇದಕ್ಕೆ ತದ್ವಿರುದ್ಧ. ನಂಬಿಕೆ ಬೇರೆ, ಹಗಲುಗನಸು ಬೇರೆ. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಕಾರಣವನ್ನೂ ಹುಡುಕಿತು: ಬಯಸಿದ್ದು ಆಗಲೇ ಸಿಕ್ಕಿದೆ ಎಂದು ಕಲ್ಪಿಸಿಕೊಂಡವರ ರಕ್ತದೊತ್ತಡ ಇಳಿದಿತ್ತು. ಅಂದರೆ ಮೈ ಸಡಿಲವಾಗಿ, ಹೊರಡಬೇಕಾದ ಹುರುಪೇ ತಗ್ಗಿತ್ತು. ಶಿಬಿರದ ಸಂಜೆ ಕಣ್ಣು ಮುಚ್ಚಿಸಿ ಹೊಸ ಕಾರಿನ ಸೀಟಿನ ಚರ್ಮದ ವಾಸನೆಯವರೆಗೆ ಕಲ್ಪಿಸಿಕೊಳ್ಳಿ ಅನ್ನುತ್ತಾರಲ್ಲ, ಆಗ ಸಿಗುವ ಸುಖ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ: ಸುಖ ಆ ಸಂಜೆಯೇ ಸಿಕ್ಕಿಬಿಡುತ್ತದೆ, ಮರುದಿನ ಏಳುವುದಕ್ಕೆ ಕಾರಣ ಉಳಿಯುವುದಿಲ್ಲ.

ಹಾಗಿದ್ದರೆ ಸಂಕಲ್ಪ ಬರೆಯುವುದು ಹೇಗೆ? ಒಂದು ಮಂಡಲಕ್ಕೆ, ಅಂದರೆ 48 ದಿನಕ್ಕೆ, ಒಂದೇ ಸಂಕಲ್ಪ. ‘ಈ ವರ್ಷ ಕೆಎಎಸ್ ಪಾಸು ಮಾಡುತ್ತೇನೆ’ ಎಂದು ಗೋಡೆಗೆ ಅಂಟಿಸಿದ ಚೀಟಿ ವಿಜಯನಗರ, ಅತ್ತಿಗುಪ್ಪೆಯ ಎಷ್ಟೋ ಪಿ.ಜಿ. ಕೋಣೆಗಳಲ್ಲಿ ಸಿಗುತ್ತದೆ. ಅದು ಬಯಕೆ. ಸಂಕಲ್ಪವಾಗಬೇಕಾದರೆ ಹೀಗಿರಬೇಕು: ‘ಸೋಮವಾರದಿಂದ ಶನಿವಾರ, ಬೆಳಿಗ್ಗೆ 5.30ರಿಂದ 7, ಗ್ರಂಥಾಲಯಕ್ಕೆ ಹೋಗುವ ಮೊದಲು ಕೋಣೆಯ ಮೇಜಿನಲ್ಲೇ, ಹಳೆಯ ಪ್ರಶ್ನೆಪತ್ರಿಕೆಯ 25 ಪ್ರಶ್ನೆ ಬಿಡಿಸಿ, ತಪ್ಪಾದದ್ದನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತೇನೆ.’ ಚಿಕ್ಕಪೇಟೆಯ ಅಂಗಡಿಗಳಿಗೆ ಬ್ಲೌಸ್ ಹೊಲಿದುಕೊಡುವ ಹೆಣ್ಣುಮಗಳು ‘ವ್ಯಾಪಾರ ದುಪ್ಪಟ್ಟಾಗಲಿ’ ಎಂದು ಬರೆಯುವ ಬದಲು ‘ಪ್ರತಿ ಬುಧವಾರ ಮಧ್ಯಾಹ್ನ 2ರಿಂದ 4, ಹೊಸದಾಗಿ ಮೂರು ಅಂಗಡಿಗೆ ಮಾದರಿ ತೋರಿಸಿ ಬರುತ್ತೇನೆ’ ಎಂದು ಬರೆಯಬೇಕು. ಎರಡೂ ಸಾಲಿನಲ್ಲಿ ಗಡಿಯಾರವಿದೆ, ಜಾಗವಿದೆ, ಕೈಗೆ ಕೆಲಸವಿದೆ. ಸಂಜೆಗೆ ಆಯಿತೇ ಇಲ್ಲವೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಬರುತ್ತದೆ.

ಇದಕ್ಕೆ ಇನ್ನೆರಡು ಸಾಲು ಸೇರಿಸಬೇಕು. ಒಂದು, ಅಡ್ಡಿಯ ಸಾಲು: ಕರೆಂಟು ಹೋದರೆ ಏನು, ರಾತ್ರಿ ಪಾಳಿ ಬಿದ್ದರೆ ಏನು, ಊರಿಂದ ನೆಂಟರು ಬಂದರೆ ಏನು. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂಬುದನ್ನು ಪೀಟರ್ ಗಾಲ್ವಿಟ್ಜರ್ ಎಂಬ ಮನೋವಿಜ್ಞಾನಿ 1999ರ ಲೇಖನದಲ್ಲಿ ಪ್ರಯೋಗಗಳ ಸಮೇತ ತೋರಿಸಿದ್ದಾರೆ. ಎರಡನೆಯದು ಜ್ವರ ಬಂದ ದಿನದ ಅಳತೆ: ಏನೂ ಆಗದ ದಿನ ಕನಿಷ್ಠ ಎಷ್ಟು? ಐದು ಪ್ರಶ್ನೆ, ಒಂದು ಫೋನು, ಹತ್ತು ನಿಮಿಷ, ಯಾವುದಾದರೂ ಸರಿ. ಈ ಸಾಲಿಲ್ಲದ ಸಂಕಲ್ಪ ಮೊದಲ ನೆಗಡಿಗೇ ಮುರಿಯುತ್ತದೆ.

ಇಪ್ಪತ್ತೊಂದು ದಿನದ ಮಾತನ್ನು ದಯವಿಟ್ಟು ಕೈಬಿಡಬೇಕು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನ ಬೇಕು ಎಂದು 1960ರಲ್ಲಿ ಬರೆದದ್ದು ಬಾಯಿಂದ ಬಾಯಿಗೆ ಹರಡಿ ಈ ಗತಿಗೆ ಬಂದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ತಗಲಿದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟವಿಲ್ಲ ಎಂಬುದೂ ಅದರಲ್ಲೇ ಇದೆ. ನಮ್ಮ 48 ದಿನಕ್ಕೂ ಮಾಯೆಯೇನಿಲ್ಲ. ಎರಡು ಸಂಬಳದ ದಿನ, ಒಂದೆರಡು ಹಬ್ಬ, ಒಂದು ಕಾಯಿಲೆ, ಒಂದು ಜಗಳ ಇಷ್ಟೆಲ್ಲ ಬಂದುಹೋಗುವಷ್ಟು ಉದ್ದದ ಅವಧಿ ಅದು. ಸಂಕಲ್ಪದ ಗಟ್ಟಿತನ ತಿಳಿಯಲು ಅಷ್ಟು ಬೇಕು. ಒಂದು ಮಂಡಲ ಮುಗಿದರೆ ಅದೇ ಸಾಲನ್ನು ಇನ್ನೊಂದು ಮಂಡಲಕ್ಕೆ ಮುಂದುವರಿಸಿದರಾಯಿತು.

ಎಲ್ಲಿ ಕೆಡುತ್ತದೆ ಎಂಬುದನ್ನು ಪತಂಜಲಿ ತಮ್ಮ ಯೋಗಸೂತ್ರದ ಮೊದಲ ಪಾದದಲ್ಲೇ ಪಟ್ಟಿ ಮಾಡಿಟ್ಟಿದ್ದಾರೆ: ವ್ಯಾಧಿ, ಸ್ತ್ಯಾನ, ಸಂಶಯ, ಪ್ರಮಾದ, ಆಲಸ್ಯ, ಅವಿರತಿ, ಭ್ರಾಂತಿದರ್ಶನ, ಅಲಬ್ಧಭೂಮಿಕತ್ವ, ಅನವಸ್ಥಿತತ್ವ. ಒಂಬತ್ತು ಅಂತರಾಯಗಳು, ಅಂದರೆ ಅಡ್ಡಿಗಳು. ಧ್ಯಾನಕ್ಕೆ ಹೇಳಿದ ಪಟ್ಟಿಯಾದರೂ ಗುರಿ ಇಟ್ಟುಕೊಂಡ ಯಾರಿಗಾದರೂ ಅನ್ವಯಿಸುತ್ತದೆ. ಎಲ್ಲವನ್ನೂ ಬಿಡಿಸುವ ಅಗತ್ಯವಿಲ್ಲ. ಕಾಯಿಲೆ, ಸೋಮಾರಿತನ, ಅನುಮಾನ ಎಲ್ಲರಿಗೂ ಗೊತ್ತಿರುವಂಥದ್ದೇ. ಸ್ತ್ಯಾನವನ್ನು ಮಾತ್ರ ಜನ ಸೋಮಾರಿತನ ಎಂದು ತಪ್ಪಾಗಿ ಬೈದುಕೊಳ್ಳುತ್ತಾರೆ. ಅದು ಮನಸ್ಸಿನ ಮಂಕು, ಕೆಲಸಕ್ಕೆ ಕೈಯೇ ಏಳದ ಸ್ಥಿತಿ. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ದಿನಕ್ಕೆ ಮೂರು ಗಂಟೆ ಕೂತು, ರಾತ್ರಿ ಒಂದಕ್ಕೆ ಮಲಗಿ ಆರಕ್ಕೆ ಏಳುವವರಿಗೆ ಬರುವುದು ಇದು. ಇದಕ್ಕೆ ಮದ್ದು ಛಲವಲ್ಲ, ನಿದ್ದೆ. ನಿದ್ದೆ ಸರಿಯಾದ ಮೇಲೂ ಎರಡು ವಾರ ಮಂಕು ಹೋಗದಿದ್ದರೆ, ಊಟ ರುಚಿಸದಿದ್ದರೆ, ಬದುಕೇ ಬೇಡವೆನಿಸಿದರೆ ಅದು ವೈದ್ಯರಿಗೆ ತೋರಿಸಬೇಕಾದ ಲಕ್ಷಣ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ‘ನಿಮ್ಮ ನಕಾರಾತ್ಮಕ ಯೋಚನೆಯೇ ನಿಮ್ಮ ಬಡತನಕ್ಕೆ ಕಾರಣ’ ಎಂದು ಖಿನ್ನತೆಯಲ್ಲಿರುವವರಿಗೆ ಹೇಳುವ ಬೋಧಕರಿದ್ದಾರೆ. ಇದಕ್ಕಿಂತ ನಿರ್ದಯವಾದ ಮಾತು ಇನ್ನೊಂದಿಲ್ಲ.

ನಮ್ಮ ಅನುಭವದಲ್ಲಿ ಹೆಚ್ಚು ಜನ ಎಡವುವುದು ಕೊನೆಯ ಮೂರರಲ್ಲಿ. ಭ್ರಾಂತಿದರ್ಶನ: ಹತ್ತು ದಿನ ಕೂತಾಗ ಕಣ್ಣೊಳಗೆ ನೀಲಿ ಬೆಳಕು ಕಾಣುತ್ತದೆ, ಅದನ್ನೇ ಸಿದ್ಧಿ ಎಂದುಕೊಂಡು ಕೆಲಸ ಬಿಡುವ ಅರ್ಜಿ ಬರೆಯುತ್ತಾರೆ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತರೆ ಬಣ್ಣ ಕಾಣುವುದು ಸಹಜ, ಅದಕ್ಕೆ ಏನೂ ಅರ್ಥವಿಲ್ಲ. ಅಲಬ್ಧಭೂಮಿಕತ್ವ: ಎಷ್ಟು ದಿನ ಮಾಡಿದರೂ ನೆಲೆ ಸಿಗದಿರುವುದು. ಬಹುಪಾಲು ಸಂದರ್ಭದಲ್ಲಿ ಇದಕ್ಕೆ ಕಾರಣ ತಿಂಗಳಿಗೊಂದು ಪದ್ಧತಿ ಬದಲಿಸುವುದು. ಈ ತಿಂಗಳು ಒಬ್ಬ ಗುರುಗಳ ಕ್ರಿಯೆ, ಮುಂದಿನ ತಿಂಗಳು ಮೊಬೈಲ್ ಆ್ಯಪ್, ಅದರ ಮುಂದಿನ ತಿಂಗಳು ಇನ್ನೇನೋ. ಅನವಸ್ಥಿತತ್ವ: ನೆಲೆ ಸಿಕ್ಕಿದರೂ ಅಲ್ಲಿ ನಿಲ್ಲಲಾಗದಿರುವುದು. ಬೋನಸ್ ಬಂದು ಸಾಲ ತೀರಿದ ಮೂರೇ ತಿಂಗಳಿಗೆ ಹೊಸ ಫೋನು, ಹೊಸ ಬೈಕು, ಹಳೆಯ ಸಾಲ. ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದಕ್ಕೇ ಒಳಗಿನ ಕಸುವು ಹೆಚ್ಚು ಬೇಕು.

ಆ ಕಸುವು ಬರುವುದು ದಿನಾ ಕೂರುವುದರಿಂದ. 20 ನಿಮಿಷ ಸಾಕು, ಆದರೆ ಅದೇ ಹೊತ್ತು, ಅದೇ ಜಾಗ. ಕಂಬಳಿಯನ್ನು ಮೂರ್ನಾಲ್ಕು ಇಂಚು ಎತ್ತರಕ್ಕೆ ಮಡಿಸಿ ಅದರ ಅಂಚಿನಲ್ಲಿ ಕೂರಬೇಕು. ಮಂಡಿ ಸೊಂಟಕ್ಕಿಂತ ಕೆಳಗಿರಬೇಕು. ಮಂಡಿ ಮೇಲಿದ್ದರೆ ಸೊಂಟ ಹಿಂದಕ್ಕೆ ಜಾರಿ ಹತ್ತು ನಿಮಿಷಕ್ಕೇ ನೋವು ಶುರು. ಮಂಡಿನೋವಿದ್ದವರು ಒರಗದೆ ಕುರ್ಚಿಯಲ್ಲಿ ಕೂರಲಿ, ಪಾದ ನೆಲಕ್ಕೆ ತಾಗಿರಲಿ, ಫಲದಲ್ಲಿ ವ್ಯತ್ಯಾಸವಿಲ್ಲ. ತಿಂಡಿ ತಿಂದು ಕೂರಬಾರದು. ಊಟವಾಗಿ ಮೂರು ಗಂಟೆ ಕಳೆದಿರಬೇಕು. ಕಾಫಿಗೆ ನಮ್ಮ ಅಡ್ಡಿಯಿಲ್ಲ, ಬೆಂಗಳೂರಿನಲ್ಲಿ ಅದನ್ನು ಬಿಡಿಸಲು ಹೋಗಿ ಗೆದ್ದವರಿಲ್ಲ.

ಮೊದಲ ಮೂರು ನಿಮಿಷ ಉಸಿರನ್ನು ನಾಲ್ಕು ಎಣಿಕೆಗೆ ಒಳಗೆ, ಆರು ಎಣಿಕೆಗೆ ಹೊರಗೆ. ಒಂದೊಂದು ಎಣಿಕೆ ಒಂದು ಸೆಕೆಂಡ್ ಆದರೆ ನಿಮಿಷಕ್ಕೆ ಆರು ಉಸಿರು, ಒಟ್ಟು ಹದಿನೆಂಟು. ಉಸಿರು ಕಟ್ಟಿ ಹಿಡಿಯುವುದು ಬೇಡ. ತಲೆ ಸುತ್ತಿದರೆ ಬಲವಂತ ಮಾಡುತ್ತಿದ್ದೀರಿ ಎಂದರ್ಥ, ಬಿಟ್ಟು ಸಹಜ ಉಸಿರಿಗೆ ಬನ್ನಿ. ಆಮೇಲೆ ಹನ್ನೆರಡು ನಿಮಿಷ ಏನನ್ನೂ ಬದಲಿಸದೆ, ಮೂಗಿನ ಹೊಳ್ಳೆಗೆ ತಾಗುವ ಉಸಿರನ್ನು ಗಮನಿಸುತ್ತ ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಮರಳುವುದು. ಎಣಿಕೆ ಹದಿನಾಲ್ಕಕ್ಕೋ ಹದಿನೇಳಕ್ಕೋ ಹೋಗಿಬಿಟ್ಟಿರುತ್ತದೆ, ಇಲ್ಲವೇ ಮೂರಕ್ಕೇ ಕಚೇರಿಯ ಜಗಳ ನೆನಪಾಗಿರುತ್ತದೆ. ಅದು ಗೊತ್ತಾದ ಕ್ಷಣ ಒಂದಕ್ಕೆ ಬರುವುದೇ ಇಡೀ ಅಭ್ಯಾಸ. ಮನಸ್ಸು ನಿಲ್ಲಲಿಲ್ಲ ಎಂದು ಎದ್ದುಹೋಗುವವರು ವ್ಯಾಯಾಮದ ಭಾಗವನ್ನೇ ಬಿಟ್ಟುಹೋಗುತ್ತಾರೆ. ಕೊನೆಯ ಐದು ನಿಮಿಷ ಸಂಕಲ್ಪದ ಸಾಲನ್ನು ಮನಸ್ಸಿನಲ್ಲಿ ಒಮ್ಮೆ ಓದಿ, ಆ ದಿನ ಆ ಕೆಲಸ ಮಾಡುವ ಗಳಿಗೆಯನ್ನೂ ಅದಕ್ಕೆ ಬರಬಹುದಾದ ಒಂದು ಅಡ್ಡಿಯನ್ನೂ ಕಾಣುವುದು. ಕಾರಿನ ಸೀಟನ್ನಲ್ಲ, ಬೆಳಗಿನ ಮೇಜನ್ನು. ಫೋನ್ ಬೇರೆ ಕೋಣೆಯಲ್ಲಿರಲಿ, ಅಲಾರಮ್ಮಿಗೆ ಮಾಮೂಲಿ ಗಡಿಯಾರ ಸಾಕು.

ಜಪ ರೂಢಿಯಿದ್ದವರಿಗೆ ಉಸಿರಿನ ಬದಲು ಜಪವೇ ಆಗಬಹುದು. ಮಣಿಗೆ ನಾಲ್ಕು ಸೆಕೆಂಡಿನಂತೆ 108 ಮಣಿಗೆ ಏಳು ನಿಮಿಷ ಚಿಲ್ಲರೆ. ಮೆಟ್ರೊದಲ್ಲಿ ನಿಂತೇ ಒಂದು ಸುತ್ತು ಮುಗಿಸಬಹುದು. ಆದರೆ ಕಪಾಲಭಾತಿ, ಭಸ್ತ್ರಿಕಾದಂಥ ಜೋರು ಉಸಿರಾಟವನ್ನು ವಿಡಿಯೊ ನೋಡಿ ಕಲಿಯಬಾರದು. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮ ಇದ್ದವರು, ಗರ್ಭಿಣಿಯರು ಅವನ್ನು ಮಾಡಲೇಬಾರದು.

ಇದರಿಂದ ದುಡ್ಡು ಹೇಗೆ ಬಂತು ಎಂದು ಕೇಳಬಹುದು. ಬರುವುದಿಲ್ಲ. ಆಸೆ ಎದ್ದದ್ದಕ್ಕೂ ಕೈ ಚಾಚಿದ್ದಕ್ಕೂ ನಡುವೆ ಹತ್ತು ಸೆಕೆಂಡಿನ ಜಾಗ ಸಿಗುತ್ತದೆ, ಅಷ್ಟೆ. ಆದರೆ ಈ ಊರಿನಲ್ಲಿ ದುಡ್ಡು ಸೋರುವುದು ಆ ಹತ್ತು ಸೆಕೆಂಡಿನಲ್ಲೇ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟನ್ನೇ, ಅಂದರೆ ಷೇರುಗಳ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳ ವಹಿವಾಟನ್ನೇ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಇದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ತಲಾ ನಷ್ಟ ಸುಮಾರು ಎರಡು ಲಕ್ಷ ರೂಪಾಯಿ. ಬೆಳಿಗ್ಗೆ ಹೋದ ಹತ್ತು ಸಾವಿರವನ್ನು ಮಧ್ಯಾಹ್ನದೊಳಗೆ ವಾಪಸ್ ತರುತ್ತೇನೆಂಬ ಹಟ ಹಣಕಾಸಿನ ಜ್ಞಾನದ ಕೊರತೆಯಲ್ಲ. ಲೆಕ್ಕ ಚೆನ್ನಾಗಿ ಬಲ್ಲ ಎಂಜಿನಿಯರುಗಳೇ ಅದಕ್ಕೆ ಬೀಳುತ್ತಾರೆ.

ಹಾಗಾಗಿ ಕೂರುವುದರ ಜೊತೆಗೆ ಒಂದು ಲೆಕ್ಕದ ಪುಸ್ತಕ ಕಡ್ಡಾಯ ಎನ್ನುತ್ತೇವೆ. ಇದನ್ನು ಅಧ್ಯಾತ್ಮವಲ್ಲ ಎಂದು ಮೂಗು ಮುರಿಯುವವರುಂಟು. ತನ್ನ ಬ್ಯಾಂಕ್ ಖಾತೆ ತೆರೆದು ನೋಡಲು ಹೆದರುವ ಮನಸ್ಸು ತನ್ನ ಒಳಗನ್ನು ನೋಡಿಕೊಳ್ಳುತ್ತದೆಂದು ನಂಬುವುದು ಕಷ್ಟ. ರಾತ್ರಿ ಮಲಗುವ ಮುನ್ನ ಐದು ನಿಮಿಷ, ಯುಪಿಐ ಆ್ಯಪಿನ ಇತಿಹಾಸ ತೆರೆದು ಬರೆಯಬೇಕು, ಕೈಯಲ್ಲೇ ಬರೆಯಬೇಕು. ಪುಟದ ಎಡಕ್ಕೆ: ‘ಮಂಗಳವಾರ, ರಾತ್ರಿ 10.40, ಬಿರಿಯಾನಿ, 340.’ ಬಲಕ್ಕೆ: ‘ಮ್ಯಾನೇಜರ್ ಮೇಲ್ ಬಂದಿತ್ತು. ಹಸಿವಿರಲಿಲ್ಲ.’ ಇಷ್ಟೇ. ಬಲಬದಿಯಲ್ಲಿ ತೀರ್ಪು ಬರೆಯಬಾರದು, ‘ನಾನು ದಂಡಪಿಂಡ’ ಎಂದೆಲ್ಲ ಬೈದುಕೊಂಡರೆ ನಾಲ್ಕನೇ ದಿನ ಪುಸ್ತಕವನ್ನೇ ಮುಟ್ಟುವುದಿಲ್ಲ. ಭಾನುವಾರ ಬೆಳಿಗ್ಗೆ ಕೂತು ಎದ್ದ ಮೇಲೆ ಅರ್ಧ ಗಂಟೆ ಆ ವಾರದ ಪುಟಗಳನ್ನು ಓದಿ. ಒಂದು ತಿಂಗಳಿಗೆ ಎರಡೋ ಮೂರೋ ಸಂಗತಿ ಮತ್ತೆ ಮತ್ತೆ ಬರುವುದು ಕಾಣುತ್ತದೆ: ಒಂಟಿತನ, ಯಾರದೋ ಸ್ಟೇಟಸ್ಸಿನಲ್ಲಿ ಕಂಡ ಗೃಹಪ್ರವೇಶ, ಮನೆಯಲ್ಲಿ ಮಾತು ಬಿಟ್ಟ ದಿನ. ಸಾವಿರ ರೂಪಾಯಿ ಮೀರಿದ ಖರೀದಿಗೆ ಒಂದು ರಾತ್ರಿ ಕಾಯುವ ನಿಯಮ ಇಟ್ಟುಕೊಂಡರೆ ಅರ್ಧಕ್ಕರ್ಧ ಬೆಳಿಗ್ಗೆ ಬೇಡವೆನಿಸುತ್ತದೆ.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದವರು ಬೇರೆಲ್ಲ ಗುರಿಗಿಂತ ಮೊದಲು ಅದನ್ನೇ ಸಂಕಲ್ಪ ಮಾಡಿಕೊಳ್ಳಬೇಕು. 50,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇ 3.5ರಂತೆ ಬಡ್ಡಿ 1,750, ಅದರ ಮೇಲೆ ಶೇ 18 ಜಿಎಸ್‌ಟಿ 315, ಒಟ್ಟು 2,065. ತಿಂಗಳಿಗೆ 2,500 ಕಟ್ಟುತ್ತ ಬಂದರೆ ಅಸಲಿಗೆ ಹೋಗುವುದು 435 ರೂಪಾಯಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವರ್ಷಕ್ಕೆ ಶೇ 42ರ ಬಡ್ಡಿ ಕಟ್ಟುತ್ತಿರುವವರಿಗೆ ಯಾವ ಲಕ್ಷ್ಮೀಪೂಜೆಯೂ ಯಾವ ಶೇರೂ ಅಷ್ಟು ಲಾಭ ತಂದುಕೊಡಲಾರದು. ಬ್ಯಾಂಕಿನಿಂದ ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ಸಿಕ್ಕರೆ ಬಾಕಿಯನ್ನು ಅದಕ್ಕೆ ವರ್ಗಾಯಿಸಿ, ಕಾರ್ಡನ್ನು ಆ್ಯಪುಗಳಿಂದ ತೆಗೆದುಹಾಕುವುದು ಮೊದಲ ಹೆಜ್ಜೆ. ಅದು ತೀರಿದ ಮೇಲೆ ಮೂರು ತಿಂಗಳ ಖರ್ಚಿನಷ್ಟು ಆಪತ್ಧನ; ಆಮೇಲೆ ಉಳಿತಾಯ. ತಿಂಗಳಿಗೆ 5,000 ರೂಪಾಯಿ ಶೇ 7ರಂತೆ ಹತ್ತು ವರ್ಷ ಬೆಳೆದರೆ ಎಂಟೂವರೆ ಲಕ್ಷ ದಾಟುತ್ತದೆ. ಇದರಲ್ಲಿ ರೋಮಾಂಚನವೇನೂ ಇಲ್ಲ, ಆದ್ದರಿಂದಲೇ ಇದಕ್ಕೆ ಯಾರೂ ಶಿಬಿರ ಮಾಡುವುದಿಲ್ಲ.

ಕೊಡುವುದರ ವಿಷಯಕ್ಕೆ ಬಂದರೆ, ‘ಸಾವಿರ ಕೊಟ್ಟರೆ ಬ್ರಹ್ಮಾಂಡ ಹತ್ತು ಸಾವಿರ ಹಿಂತಿರುಗಿಸುತ್ತದೆ’ ಎಂಬುದು ಚೀಟಿ ವ್ಯವಹಾರದ ಭಾಷೆ. ದಾಸೋಹದ ತರ್ಕವೇ ಬೇರೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿದ್ದನ್ನು ಅಲ್ಲೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ್ದನ್ನು ಈ ನಾಡು ಇಂದಿಗೂ ನೆನೆಯುತ್ತದೆ. ಅಂದಂದಿನ ದಾಸೋಹಕ್ಕೆ ಎಷ್ಟು ಸಾಕು ಎಂಬುದು ಆ ಮನೆಯಲ್ಲಿ ಗೊತ್ತಿತ್ತು. ತಿಂಗಳ ಸಂಬಳ ಬಂದ ದಿನವೇ, ಇಎಂಐ ಹೋಗುವ ಮೊದಲು, ನೂರಕ್ಕೆ ಎರಡು ರೂಪಾಯಿ ತೆಗೆದಿಟ್ಟು ಹೆಸರು ಹೇಳಿಕೊಳ್ಳದೆ ಕೊಟ್ಟುಬಿಡಿ; ಸರ್ಕಾರಿ ಶಾಲೆಯ ಮಗುವಿನ ನೋಟ್‌ಬುಕ್ಕಿಗೋ, ಮನೆಗೆಲಸದವರ ಔಷಧಿಗೋ. ಸಾಲವಿದ್ದವರು ಹಣದ ಬದಲು ವಾರಕ್ಕೆರಡು ಗಂಟೆ ಕೊಡಲಿ. ಇದರಿಂದ ಸಿಗುವ ಫಲ ‘ನನಗೆ ಸಾಲದು’ ಎಂಬ ಗಾಬರಿ ಸ್ವಲ್ಪ ತಗ್ಗುವುದು, ಅಷ್ಟೇ. ಹಣದ ವಿಷಯದಲ್ಲಿ ನಾವು ಮಾಡುವ ಕೆಟ್ಟ ತೀರ್ಮಾನಗಳಲ್ಲಿ ಬಹಳಷ್ಟು ಆ ಗಾಬರಿಯಿಂದಲೇ ಹುಟ್ಟಿದವು.

ಇಷ್ಟನ್ನು ಕಲಿಯಲು ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಬೇಕಿಲ್ಲ. ತುಮಕೂರು ರಸ್ತೆಯ ಕಡೆಯ ಆಲೂರಿನಲ್ಲಿರುವ ವಿಪಶ್ಯನ ಕೇಂದ್ರ ಧಮ್ಮ ಪಫುಲ್ಲದಲ್ಲಿ ಹತ್ತು ದಿನದ ಶಿಬಿರಕ್ಕೆ ಶುಲ್ಕವೇ ಇಲ್ಲ, ಊಟ ವಸತಿ ಸೇರಿ. ಶಿಬಿರ ಪೂರೈಸಿದವರು ಇಷ್ಟವಿದ್ದರೆ ದಾನ ಕೊಡಬಹುದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೌನದಲ್ಲಿ ಇರಬೇಕಾದ ಕಠಿಣ ದಿನಚರಿ ಅದು. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ, ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟು ಹೋಗಬಾರದು. ನಿಮ್ಹಾನ್ಸ್‌ನಲ್ಲಿ ಯೋಗವನ್ನು ಚಿಕಿತ್ಸೆಯಾಗಿ ಬಳಸುವ ವಿಭಾಗವಿದೆ. ಬಡಾವಣೆಯ ಪಾರ್ಕುಗಳಲ್ಲಿ ಬೆಳಿಗ್ಗೆ ಪುಕ್ಕಟೆ ಯೋಗ ಹೇಳಿಕೊಡುವ ಹಿರಿಯರಿಗೆ ಲೆಕ್ಕವಿಲ್ಲ. ಅವರಲ್ಲಿ ಕೆಲವರು ರಾಜಕೀಯವನ್ನೂ ಜೊತೆಗೆ ಹೇಳಿಕೊಡುತ್ತಾರೆ, ಅದನ್ನು ಸಹಿಸಿಕೊಂಡರಾಯಿತು.

ಹಣ ಕೊಟ್ಟೇ ಕಲಿಯುತ್ತೇನೆ ಎನ್ನುವವರು ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಲಿ: ಬಿಲ್ಲು ಕೊಡುತ್ತೀರಾ? ಹಣ ವಾಪಸ್ಸಿನ ನಿಯಮ ಬರಹದಲ್ಲಿದೆಯೇ? ವೇದಿಕೆಯಲ್ಲಿ ಹೇಳಿದ ‘ಗ್ಯಾರಂಟಿ’ಯನ್ನು ಅದೇ ಕಾಗದದಲ್ಲಿ ಬರೆಯುತ್ತೀರಾ? ಇದು ಮುಗಿದ ಮೇಲೆ ಇನ್ನೆಷ್ಟು ಹಂತಗಳಿವೆ, ಒಟ್ಟು ಎಷ್ಟಾಗುತ್ತದೆ? ಮೂರು ಜನರನ್ನು ಕರೆತಂದರೆ ನಿಮ್ಮ ಶುಲ್ಕ ಮಾಫಿ ಅಂದರೆ ಅಲ್ಲಿಂದ ಎದ್ದು ಬರಬೇಕು. ಈಗಾಗಲೇ ಕೊಟ್ಟು ಕೂತವರಿಗೆ ದಾರಿಯಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು. ಜಾಹೀರಾತಿನ ಚಿತ್ರ, ಹಣ ಕಟ್ಟಿದ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿರಬೇಕು. ಶಿಬಿರ ಮುಗಿದ ಕೂಡಲೇ ಗುಂಪಿನಿಂದ ತೆಗೆದುಹಾಕಿ ಸಂದೇಶಗಳು ಮಾಯವಾಗುವ ಹಾಗೆ ಮಾಡುವುದುಂಟು, ಹಾಗಾಗಿ ಸ್ಕ್ರೀನ್‌ಶಾಟ್ ಅವತ್ತವತ್ತೇ ತೆಗೆದಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಪತ್ರಿಕೆಗೆ ನಮ್ಮ ಕೋರಿಕೆ ಎರಡು. ಸಂಪತ್ತಿನ ಗ್ಯಾರಂಟಿ ಕೊಡುವ ಜಾಹೀರಾತನ್ನು ಸುದ್ದಿಯ ಅಕ್ಷರವಿನ್ಯಾಸದಲ್ಲಿ ಅಚ್ಚು ಹಾಕುವುದನ್ನು ನಿಲ್ಲಿಸಬೇಕು. ಪುಟದ ಮೂಲೆಯಲ್ಲಿ ಇರುವೆ ಗಾತ್ರದ ‘ಜಾಹೀರಾತು’ ಎಂಬ ಪದ ಅರವತ್ತು ದಾಟಿದ ಓದುಗರ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು, ವಾರಭವಿಷ್ಯಕ್ಕೆ ಕೊಡುವಷ್ಟೇ ಜಾಗವನ್ನು ವಾರಕ್ಕೊಮ್ಮೆ ಮನೆಯ ಲೆಕ್ಕ, ಸಾಲ, ಗ್ರಾಹಕ ದೂರುಗಳ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರಿಸುವ ಅಂಕಣಕ್ಕೆ ಕೊಡಿ. ಧ್ಯಾನ, ಉಸಿರಾಟಗಳ ಬಗ್ಗೆ ಬರುವ ಪ್ರಶ್ನೆಗಳಿಗೆ ಸಂಭಾವನೆಯಿಲ್ಲದೆ ಉತ್ತರ ಬರೆದುಕೊಡಲು ನಾವು ಸಿದ್ಧ.

– ಜಯನಗರ ಹಾಗೂ ಮಲ್ಲೇಶ್ವರದ ಕೆಲವು ಯೋಗ ಶಿಕ್ಷಕರು, ಬೆಂಗಳೂರು